ಟೂಲ್ ರೂಮಿನ ಬಿಲ್ಲೆ, ಕರ್ನೆಲ್‌ನ ಲೆಕ್ಕ

ಕಂಪ್ಯೂಟರಿಗೆ ಜೋಡಿಸಿದ ಪ್ರತಿಯೊಂದು ಸಾಧನಕ್ಕೂ ಆಪರೇಟಿಂಗ್ ಸಿಸ್ಟಮ್‌ಗೂ ನಡುವೆ ಒಬ್ಬ ದುಭಾಷಿ ಬೇಕು. ಪ್ರಿಂಟರ್, ನೆಟ್‌ವರ್ಕ್ ಕಾರ್ಡ್, ಕ್ಯಾಮೆರಾ, ಡಿಸ್ಕ್ ಯಾವುದೇ ಇರಲಿ, ಆ ದುಭಾಷಿಯ ಹೆಸರು ಡ್ರೈವರ್. ಕೆಲಸ ನಡೆಸಲು ಡ್ರೈವರ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ನಿಂದ ಮೆಮೊರಿಯನ್ನು ಕಡ ಪಡೆಯುತ್ತದೆ. ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕು. ಸಾಮಾನ್ಯ ಪ್ರೋಗ್ರಾಮ್ ಹಿಂದಿರುಗಿಸಲು ಮರೆತರೆ ಅದು ಮುಗಿಯುವ ಹೊತ್ತಿಗೆ ಕರ್ನೆಲ್ಲೇ ಎಲ್ಲವನ್ನೂ ವಸೂಲು ಮಾಡಿಕೊಳ್ಳುತ್ತದೆ. ಡ್ರೈವರ್ ಇರುವುದು ಕರ್ನೆಲ್‌ನ ಒಳಗೇ. ಹಾಗಾಗಿ ಅದರ ಬಾಕಿ ವಸೂಲಿಗೆ ಯಾರೂ ಬರುವುದಿಲ್ಲ.

ಪಡೆದು ಮರಳಿಸುವ ಈ ಲೆಕ್ಕ ದಾವಣಗೆರೆ, ಹರಿಹರದ ಸೀಮೆಗೆ ಹೊಸತಲ್ಲ. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಯಿತು. ಯಂತ್ರದ ಕೆಲಸ ಊರಿನ ಕಸುಬಾಯಿತು. ಮೆಷಿನ್ ಶಾಪ್‌ಗಳ ಟೂಲ್ ರೂಮಿನಲ್ಲಿ ಹಳೆಯದೊಂದು ಪದ್ಧತಿಯಿದೆ. ಕೆಲಸಗಾರ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಕೊಟ್ಟು ಡ್ರಿಲ್ ಬಿಟ್ ಪಡೆಯುತ್ತಾನೆ, ಬಿಲ್ಲೆ ಮೊಳೆಗೆ ನೇತಾಡುತ್ತದೆ, ಬಿಟ್ ಹಿಂದೆ ಬಂದಾಗ ಬಿಲ್ಲೆಯೂ ಹಿಂದೆ ಹೋಗುತ್ತದೆ. ಡ್ರೈವರ್‌ನ ಮೆಮೊರಿ ದೋಷಗಳಲ್ಲಿ ಹಲವು ಈ ಪದ್ಧತಿ ಕೆಟ್ಟಾಗ ಆಗುವ ಎಡವಟ್ಟುಗಳೇ. ಪಡೆದ ಬಿಟ್ ಮರಳದಿದ್ದರೆ ಅದು ಮೆಮೊರಿ ಸೋರಿಕೆ. ಬಿಟ್ ಮರಳಿತೆಂದು ಬರೆದುಕೊಂಡ ಮೇಲೂ ಯಾರೋ ಅದರಲ್ಲೇ ತೂತು ಕೊರೆಯುತ್ತಿದ್ದರೆ ಅದು ಬಿಟ್ಟುಕೊಟ್ಟ ಮೆಮೊರಿಯ ಬಳಕೆ. ಒಂದೇ ಬಿಟ್ ಎರಡು ಬಾರಿ ಮರಳಿತೆಂದು ದಾಖಲಾದರೆ, ಇಲ್ಲದ ಎರಡನೆಯ ಬಿಟ್‌ನ ಹೆಸರಿನಲ್ಲಿ ಅದೇ ಬಿಟ್ ಇಬ್ಬರ ಪಾಲಾಗುತ್ತದೆ. ಮೂರರಲ್ಲಿ ಸೋರಿಕೆಯೇ ಸಾಧು ಸ್ವಭಾವದ್ದು. ಅದು ಯಂತ್ರವನ್ನು ನಿಧಾನವಾಗಿ ಸೊರಗಿಸುತ್ತದೆ. ಉಳಿದೆರಡು ಇನ್ನಾರದೋ ಮಾಹಿತಿಯನ್ನು ಕೆಡಿಸಿ, ತಪ್ಪು ನಡೆದ ಜಾಗದಿಂದ ಬಲು ದೂರದಲ್ಲಿ ಯಂತ್ರವನ್ನು ಕೆಡವುತ್ತವೆ.

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಎಂಬ ಕರ್ನೆಲ್ ಪ್ರಕಟಿಸಿದ ಕಾಲಕ್ಕೆ ಇಂಥ ದೋಷ ಹುಡುಕಲು ಇದ್ದ ಮುಖ್ಯ ಸಾಧನ ಕಣ್ಣು. ಕೋಡ್ ಓದುವುದು, ಅಲ್ಲಲ್ಲಿ ಸಂದೇಶ ಮುದ್ರಿಸುವ ಸಾಲು ಸೇರಿಸುವುದು, ಮತ್ತೆ ಬೂಟ್ ಮಾಡುವುದು. 1994ರಲ್ಲಿ ಸನ್ ಕಂಪನಿಯ ಜೆಫ್ ಬಾನ್ವಿಕ್ ವಿವರಿಸಿದ ಸ್ಲ್ಯಾಬ್ ಎಂಬ ಹಂಚಿಕೆಯ ಕ್ರಮ ಲಿನಕ್ಸ್‌ಗೂ ಬಂತು. ಅದರ ಜೊತೆಗೆ ಬಂದದ್ದು ಮೆಮೊರಿಗೆ ವಿಷ ಹಾಕುವ ಉಪಾಯ. ಬಿಟ್ಟುಕೊಟ್ಟ ತುಣುಕಿನ ತುಂಬ 6ಬಿ ಎಂಬ ಗುರುತು ಬರೆಯಲಾಗುತ್ತದೆ. ಕರ್ನೆಲ್ ಕುಸಿದಾಗ ಪರದೆಯ ಮೇಲೆ 6ಬಿ6ಬಿ6ಬಿ6ಬಿ ಕಂಡರೆ, ಯಾರೋ ಮರಳಿಸಿದ ವಸ್ತುವಿಗೆ ಮತ್ತೆ ಕೈ ಹಾಕಿದ್ದಾರೆಂದು ಅನುಭವಿಗಳು ತಕ್ಷಣ ಹೇಳಬಲ್ಲರು.

ದೋಷಗಳ ತವರು ಎಲ್ಲಿ ಎಂಬುದಕ್ಕೆ ಅಂಕಿಯ ಉತ್ತರ ಸಿಕ್ಕಿದ್ದು 2001ರಲ್ಲಿ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಲಿನಕ್ಸ್ ಕೋಡ್ ಜಾಲಾಡಿ, ಡ್ರೈವರ್‌ಗಳಲ್ಲಿ ತಪ್ಪಿನ ಪ್ರಮಾಣ ಉಳಿದ ಭಾಗಗಳಿಗಿಂತ 3ರಿಂದ 7 ಪಟ್ಟಿನವರೆಗೆ ಹೆಚ್ಚೆಂದು ತೋರಿಸಿದರು. ಕಾರಣ ಗೂಢವೇನಲ್ಲ. ಡ್ರೈವರ್ ಎಚ್ಚರಗೊಳ್ಳುವಾಗ ನಾಲ್ಕೈದು ವಸ್ತುಗಳನ್ನು ಒಂದರ ಹಿಂದೊಂದು ಪಡೆಯುತ್ತದೆ. ನಾಲ್ಕನೆಯದು ಸಿಗದಿದ್ದರೆ ಮೊದಲ ಮೂರನ್ನು ತಿರುವುಮುರುವಾಗಿ ಮರಳಿಸಿ ಹೊರಬರಬೇಕು. ಈ ಸೋಲಿನ ದಾರಿಯಲ್ಲಿ ನಡೆದು ನೋಡುವವರು ಕಡಿಮೆ, ಏಕೆಂದರೆ ಬರೆದವರ ಮೇಜಿನ ಮೇಲೆ ಆ ಸಾಧನ ಎಂದೂ ಸೋತಿರುವುದಿಲ್ಲ.

ಇದೇ ಹೊತ್ತಿಗೆ ದೋಷ ಹಿಡಿಯುವ ಕಸುಬಿನ ಒಂದು ಮುಖ್ಯ ಕವಲು ಬೆಂಗಳೂರಿನಲ್ಲಿ ಚಿಗುರಿತು. 2001ರಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ಶುರುವಾಯಿತು. 2005ರಲ್ಲಿ ಅದು ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡಿತು. ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ಬೆಂಗಳೂರು ತಂಡದಲ್ಲಿದ್ದ ದೀಪಂಕರ್ ಶರ್ಮ, ಪಾಲ್ ಮೆಕೆನ್ನಿ ಅವರ ಆರ್‌ಸಿಯು ವಿಧಾನವನ್ನು ಲಿನಕ್ಸ್‌ಗೆ ತರುವುದರಲ್ಲಿ ದುಡಿದರು. 2002ರ ಅಕ್ಟೋಬರಿನಲ್ಲಿ ಅದು ಕರ್ನೆಲ್ ಸೇರಿತು. ಅದರ ತತ್ವ ಸರಳ: ಹಳೆಯ ಬಿಟ್ಟನ್ನು ಪಟ್ಟಿಯಿಂದ ತೆಗೆದರೂ, ಆಗಲೇ ಅದನ್ನು ಹಿಡಿದವರೆಲ್ಲ ಕೆಳಗಿಡುವ ತನಕ ಕರಗಿಸಬಾರದು.

ತಂಡದ ಇನ್ನೊಂದು ಕೊಡುಗೆ ಕೆಪ್ರೋಬ್ಸ್. ಓಡುತ್ತಿರುವ ಕರ್ನೆಲ್‌ನ ಯಾವುದೋ ಒಂದು ಆದೇಶದ ಜಾಗದಲ್ಲಿ ತಡೆಗಲ್ಲು ಇಟ್ಟು, ಅಲ್ಲಿಗೆ ಬಂದವರ ವಿವರ ಬರೆದುಕೊಂಡು, ಮೂಲ ಆದೇಶವನ್ನು ನಡೆಸಿ ಮುಂದೆ ಕಳಿಸುವ ವಿಧಾನ ಇದು. ಮೆಮೊರಿ ಬಿಡುಗಡೆ ಮಾಡುವ ಕ್ರಿಯೆಯ ಬಾಗಿಲಲ್ಲೇ ಕಾವಲು ಕೂರಿಸಲು ಇನ್ನು ಕರ್ನೆಲ್ ಮರುಕಟ್ಟಬೇಕಿರಲಿಲ್ಲ. 2004ರಲ್ಲಿ ಇದು ಕರ್ನೆಲ್ ಸೇರಿತು. ಇದರ ನಿರ್ವಾಹಕರಲ್ಲಿ ಪ್ರಸನ್ನ ಪಂಚಮುಖಿ, ಅನಂತ್ ಮಾವಿನಕಾಯನಹಳ್ಳಿ ಇದ್ದರು. ಕನ್ನಡದ ಹಳ್ಳಿಯೊಂದರ ಹೆಸರು ಹೀಗೆ ಜಗತ್ತಿನ ಕರ್ನೆಲ್ ಕಡತದಲ್ಲಿ ಹಣ್ಣಾಗದೆ ಕಾಯಾಗಿಯೇ ಉಳಿಯಿತು.

ಕೆಡಂಪ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಕರ್ನೆಲ್ ಕುಸಿದಾಗ ಅದರ ಮೆಮೊರಿಯ ಚಿತ್ರವನ್ನು ಡಿಸ್ಕಿಗೆ ಬರೆದಿಟ್ಟರೆ ಆಮೇಲೆ ತನಿಖೆ ಮಾಡಬಹುದು. ಆದರೆ ಬರೆಯಬೇಕಾದದ್ದು ಆ ಕೆಟ್ಟ ಕರ್ನೆಲ್‌ನ ಡಿಸ್ಕ್ ಡ್ರೈವರ್. ತಪ್ಪು ಅದರದ್ದೇ ಆಗಿದ್ದರೆ ಕಳ್ಳನ ಕೈಗೇ ಪಂಚನಾಮೆ ಕೊಟ್ಟಂತೆ. ಕೆಡಂಪ್ ಮೊದಲೇ ಸ್ವಲ್ಪ ಮೆಮೊರಿ ಮೀಸಲಿಟ್ಟು ಅಲ್ಲೊಂದು ಎರಡನೆಯ ಕರ್ನೆಲ್ ಇರಿಸುತ್ತದೆ. ಮೊದಲನೆಯದು ಸತ್ತಾಗ ಎರಡನೆಯದು ಎದ್ದು ಹೆಣದ ಪರೀಕ್ಷೆ ನಡೆಸುತ್ತದೆ. ವಿವೇಕ್ ಗೋಯಲ್, ಎರಿಕ್ ಬೀಡರ್‌ಮನ್, ಹರಿಪ್ರಸಾದ್ ನೆಲ್ಲಿತೀರ್ಥ 2005ರಲ್ಲಿ ಇದನ್ನು ವಿವರಿಸಿದರು. ಅದೇ ವರ್ಷ 2.6.13ನೆಯ ಆವೃತ್ತಿಯಲ್ಲಿ ಕೆಡಂಪ್ ಕಾಣಿಸಿಕೊಂಡಿತು.

ಮುಂದಿನ ಹೆಜ್ಜೆಗಳು ಲೆಕ್ಕವನ್ನು ಮನುಷ್ಯನ ನೆನಪಿನಿಂದ ಯಂತ್ರದ ಕಡತಕ್ಕೆ ವರ್ಗಾಯಿಸಿದವು. 2007ರಲ್ಲಿ ತೇಜುನ್ ಹಿಯೊ ತಂದ ಡೆವ್‌ರೆಸ್‌ನಲ್ಲಿ ಡ್ರೈವರ್ ಪಡೆದ ವಸ್ತುಗಳ ಪಟ್ಟಿಯನ್ನು ಕರ್ನೆಲ್ಲೇ ಇಡುತ್ತದೆ. ಸೋಲಾದಾಗ ಅದೇ ತಿರುವುಮುರುವಾಗಿ ಮರಳಿಸುತ್ತದೆ. 2009ರಲ್ಲಿ ಕ್ಯಾಟಲಿನ್ ಮರಿನಸ್ ಅವರ ಕೆಮೆಮ್‌ಲೀಕ್ ಬಂತು. ಅದು ಆಗಾಗ ಮೆಮೊರಿಯನ್ನೆಲ್ಲ ತಡಕಿ, ಯಾವ ತುಣುಕಿನ ವಿಳಾಸ ಯಾರ ಬಳಿಯೂ ಉಳಿದಿಲ್ಲವೋ ಅದನ್ನು ಸೋರಿಕೆಯೆಂದು ವರದಿ ಮಾಡುತ್ತದೆ. ಅದರ ಅನುಮಾನ ಕೆಲವೊಮ್ಮೆ ಹುಸಿ. 2015ರ ಕಸಾನ್ ಅಷ್ಟು ಅಂದಾಜಿನದ್ದಲ್ಲ: ಪ್ರತಿ 8 ಬೈಟ್‌ಗೆ 1 ಬೈಟ್ ನೆರಳು ಇಟ್ಟು, ಪ್ರತಿ ಓದು ಬರಹಕ್ಕೂ ಮುಂಚೆ ನೆರಳನ್ನು ಕೇಳುತ್ತದೆ. ಇದಕ್ಕೆ ತೆರುವ ಬೆಲೆ ವೇಗ. ಆದ್ದರಿಂದ ಕಸಾನ್ ಸಾಮಾನ್ಯವಾಗಿ ಪರೀಕ್ಷೆಯ ಯಂತ್ರಗಳಲ್ಲೇ ಉಳಿಯುತ್ತದೆ.

ದಾವಣಗೆರೆಯಲ್ಲಿ 1951ರಲ್ಲಿ ಆರಂಭವಾದ ಬಿಡಿಟಿ ಕಾಲೇಜು, 1979ರ ಬಾಪೂಜಿ ತಾಂತ್ರಿಕ ಕಾಲೇಜು ಈ ವಿದ್ಯೆಯ ಮೊದಲ ಪಾಠ ಕಲಿಸುವ ಜಾಗಗಳು. ಹಿಂದೆ ಡ್ರೈವರ್ ಕಲಿಯಲು ಸಾಧನ ಕೈಯಲ್ಲಿರಬೇಕಿತ್ತು. ಈಗ ಕ್ವೆಮು ಎಂಬ ಹುಸಿ ಯಂತ್ರದಲ್ಲಿ ಲಿನಕ್ಸ್ ಓಡಿಸಿ, ಬೇಕೆಂದೇ ಸೋಲುವ ಮೆಮೊರಿ ಹಂಚಿಕೆಯನ್ನು ಏರ್ಪಡಿಸಿ, ಆ ನಿರ್ಜನ ಸೋಲಿನ ದಾರಿಯಲ್ಲಿ ಡ್ರೈವರನ್ನು ನಡೆಸಿ ನೋಡಲು ಒಂದು ಲ್ಯಾಪ್‌ಟಾಪ್ ಸಾಕು.

2022ರ ಡಿಸೆಂಬರಿನ 6.1ನೆಯ ಆವೃತ್ತಿಯಿಂದ ರಸ್ಟ್ ಭಾಷೆಗೂ ಕರ್ನೆಲ್‌ನಲ್ಲಿ ಜಾಗ ಸಿಕ್ಕಿತು. ಬಿಲ್ಲೆಯಿಲ್ಲದೆ ಬಿಟ್ ಒಯ್ಯುವ ಕೋಡನ್ನು ಅದರ ಕಂಪೈಲರ್ ಬಾಗಿಲಲ್ಲೇ ತಡೆಯುತ್ತದೆ. ಆದರೆ ಡ್ರೈವರ್‌ಗಳಿಗೇ ವಿಶೇಷವಾದ ಒಂದು ತೊಡಕಿದೆ. ನೆಟ್‌ವರ್ಕ್ ಕಾರ್ಡಿನಂಥ ಸಾಧನ ಪ್ರೊಸೆಸರನ್ನು ಕೇಳದೆ ತಾನೇ ಮೆಮೊರಿಗೆ ಬರೆಯಬಲ್ಲದು. ಡ್ರೈವರ್ ತುಣುಕನ್ನು ಮರಳಿಸಿದ ಮೇಲೂ ಸಾಧನ ಬರೆಯುತ್ತಲೇ ಇದ್ದರೆ ಕಸಾನ್‌ನ ನೆರಳಿಗೆ ಅದರ ಸುಳಿವು ಹತ್ತುವುದಿಲ್ಲ. ಅದನ್ನು ತಡೆಯುವುದು ಐಒಎಂಎಂಯು ಎಂಬ ಯಂತ್ರಾಂಶದ ಕಾವಲು. ಅದೂ ಡ್ರೈವರ್ ಬರೆದವರು ಸಾಧನದ ಅನುಮತಿಯನ್ನು ಸಕಾಲಕ್ಕೆ ರದ್ದು ಮಾಡಿದ್ದರೆ ಮಾತ್ರ.