ಏಳು ಬಾಹುಗಳ ಒಗಟು

ಕೈವಾರ ಹಿಡಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಷಡ್ಭುಜ ರಚಿಸುವುದು ಗೊತ್ತು. ಒಂದು ವೃತ್ತ ಎಳೆದು, ಅದೇ ತ್ರಿಜ್ಯದಿಂದ ಪರಿಧಿಯನ್ನು ಕಡಿಯುತ್ತಾ ಹೋದರೆ ಆರನೆಯ ಕಂಸ ಹೊರಟ ಬಿಂದುವಿಗೇ ಬಂದು ಸೇರುತ್ತದೆ. ಆದರೆ ಏಳು ಸಮಬಾಹುಗಳ ಸಪ್ತಭುಜವನ್ನು ರಚಿಸುವುದು ಹೇಗೆ? ಈ ಪುಟ್ಟ ಪ್ರಶ್ನೆಗೆ ಪೂರ್ಣ ಉತ್ತರ ಸಿಗಲು ಎರಡು ಸಾವಿರ ವರ್ಷಗಳೇ ಬೇಕಾದವು.

ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ತಮ್ಮ 'ಎಲಿಮೆಂಟ್ಸ್' ಗ್ರಂಥದ ನಾಲ್ಕನೆಯ ಭಾಗದಲ್ಲಿ 3, 4, 5, 6 ಮತ್ತು 15 ಬಾಹುಗಳ ನಿಯಮಿತ ಆಕೃತಿಗಳನ್ನು ವೃತ್ತದೊಳಗೆ ರಚಿಸಿ ತೋರಿಸಿದರು. ಸಾಧನಗಳು ಎರಡೇ: ಕೈವಾರ ಮತ್ತು ಅಳತೆಯ ಗುರುತಿಲ್ಲದ ಪಟ್ಟಿ. ಏಳರ ಬಗ್ಗೆ ಅಲ್ಲಿ ಏನೂ ಇಲ್ಲ. ಆರ್ಕಿಮಿಡೀಸ್ ಹೆಸರಿನಲ್ಲಿರುವ ಸಪ್ತಭುಜದ ಕೃತಿಯ ಗ್ರೀಕ್ ಮೂಲ ಕಳೆದುಹೋಗಿದೆ. 901ರಲ್ಲಿ ನಿಧನರಾದ ಸಾಬಿತ್ ಇಬ್ನ್ ಕುರ್ರಾ ಅವರ ಅರಬಿ ಅನುವಾದದಿಂದಾಗಿ ಅದು ಉಳಿಯಿತು. ಆದರೆ ಅದರ ಒಂದು ಮುಖ್ಯ ಹಂತವನ್ನು ಸಾಧಿಸುವ ಬಗೆಯನ್ನು ಅಲ್ಲಿ ಹೇಳಿರಲಿಲ್ಲ.

ಈ ಕೊರತೆಯನ್ನು ಹತ್ತನೆಯ ಶತಮಾನದ ವಿದ್ವಾಂಸರು ಕೈಗೆತ್ತಿಕೊಂಡರು. ಅಬೂ ಸಹ್ಲ್ ಅಲ್‌ಕೂಹೀ ಅವರು ಪರವಲಯ ಮತ್ತು ಅತಿಪರವಲಯ ಎಂಬ ವಕ್ರರೇಖೆಗಳ ನೆರವಿನಿಂದ ಸಪ್ತಭುಜವನ್ನು ನಿಖರವಾಗಿ ರಚಿಸಿದರು. ಇದೇ ಸಮಸ್ಯೆಗೆ ಅಬುಲ್ ಜೂದ್ ನೀಡಿದ ಪರಿಹಾರದಲ್ಲಿದ್ದ ತಪ್ಪನ್ನು ಅಲ್‌ಸಿಜ್‌ಝೀ ಎತ್ತಿ ತೋರಿಸಿದರು. ಹೆಸರು ಎಷ್ಟೇ ದೊಡ್ಡದಿರಲಿ, ಸಾಧನೆ ಸರಿಯಿಲ್ಲದಿದ್ದರೆ ಒಪ್ಪುವಂತಿರಲಿಲ್ಲ.

ಅದೇ ಕಾಲದಲ್ಲಿ ಬಗ್ದಾದಿನಲ್ಲಿದ್ದ ಅಬುಲ್ ವಫಾ ಅಲ್‌ಬೂಝ್‌ಜಾನೀ (940–998) ಕುಶಲಕರ್ಮಿಗಳಿಗೆ ಅಗತ್ಯವಾದ ರೇಖಾಗಣಿತದ ಬಗ್ಗೆ ಗ್ರಂಥ ಬರೆದರು. ಕುಶಲಕರ್ಮಿಗಳೂ ಗಣಿತಜ್ಞರೂ ಜೊತೆಗೂಡಿದ ಸಭೆಗಳ ಪ್ರಸ್ತಾಪ ಅದರಲ್ಲಿದೆ. ಕಣ್ಣಿಗೆ ಸರಿ ಕಂಡರೆ ಸಾಕೆಂಬುದು ಕುಶಲಕರ್ಮಿಗಳ ವಾದ, ಸಾಧಿಸಿದರೆ ಸಾಕೆಂಬುದು ಗಣಿತಜ್ಞರದು. ಇಬ್ಬರ ಕೊರತೆಯನ್ನೂ ಅವರು ಹೇಳಿದರು.

ಸಪ್ತಭುಜಕ್ಕೆ ಅವರು ಕೊಟ್ಟ ಸುಲಭ ವಿಧಾನವನ್ನು ನೀವೂ ಮಾಡಿ ನೋಡಿ. ವೃತ್ತದೊಳಗೆ ಸಮಬಾಹು ತ್ರಿಭುಜ ರಚಿಸಿ, ಅದರ ಒಂದು ಬಾಹುವಿನ ಅರ್ಧವನ್ನು ಕೈವಾರದಲ್ಲಿ ಹಿಡಿದು ಪರಿಧಿಯ ಮೇಲೆ ಏಳು ಬಾರಿ ಗುರುತಿಸಿ. ತ್ರಿಜ್ಯ 1 ಆದಾಗ ಈ ಉದ್ದ 0.8660, ನಿಜವಾದ ಬಾಹು 0.8678. 5 ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿ ಕೊನೆಗೆ ಉಳಿಯುವ ಅಂತರ ಒಂದು ಮಿಲಿಮೀಟರಿಗೂ ಕಡಿಮೆ! ಮರಗೆಲಸಕ್ಕೆ ಇದು ಸಾಕು. ಗಣಿತಕ್ಕೆ ಸಾಲದು.

1796ರ ಮಾರ್ಚ್ 30ರಂದು, 19 ತುಂಬಲು ಇನ್ನೂ ಒಂದು ತಿಂಗಳಿದ್ದಾಗ, ಜರ್ಮನಿಯ ಗಾಸ್ 17 ಬಾಹುಗಳ ಆಕೃತಿಯನ್ನು ಕೈವಾರ, ಪಟ್ಟಿಗಳಿಂದಲೇ ರಚಿಸಬಹುದೆಂದು ಕಂಡುಕೊಂಡರು. 1837ರಲ್ಲಿ ಫ್ರಾನ್ಸಿನ ವಾಂಟ್‌ಝೆಲ್ ಅವರ ಸಾಧನೆಯಿಂದ, ಈ ಎರಡೇ ಸಾಧನಗಳಿಂದ ಸಪ್ತಭುಜ ಅಸಾಧ್ಯವೆಂದು ಖಚಿತವಾಯಿತು. ಅಂದರೆ ಅಲ್‌ಕೂಹೀ ಬೇರೆ ವಕ್ರರೇಖೆಗಳನ್ನು ಬಳಸಿದ್ದು ಅಸಾಮರ್ಥ್ಯದಿಂದಲ್ಲ, ಅದು ಅನಿವಾರ್ಯವೇ ಆಗಿತ್ತು.

ಪ್ರಿಯ ವಿದ್ಯಾರ್ಥಿಗಳೇ, ಈ ಇತಿಹಾಸ ಬರೀ ಹೆಮ್ಮೆಪಟ್ಟು ಮರೆಯುವುದಕ್ಕಲ್ಲ. ಸರಿಯಂತೆ ಕಾಣುವುದಕ್ಕೂ ಸರಿಯಾಗಿರುವುದಕ್ಕೂ ನಡುವಿನ ಕೂದಲೆಳೆಯ ಅಂತರವನ್ನು ಗುರುತಿಸಲು ಕಲಿಯಿರಿ. "ಏಕೆ?" ಎಂದು ಕೇಳದೆ ಯಾವ ಸೂತ್ರವನ್ನೂ ಬಾಯಿಪಾಠ ಮಾಡಬೇಡಿ.