ಗಂಟಲಿಗೆ ಸಾಕೆಟ್ಟಿಲ್ಲ

ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ನಡೆಯುವಾಗ ಗಿಟಾರಿನವನ ಆಂಪ್ಲಿಫೈಯರ್ ಪೆಟ್ಟಿಗೆಯ ಮುಂದೆ ಒಂದು ಮೈಕನ್ನು ಬಗ್ಗಿಸಿ ನಿಲ್ಲಿಸಿರುತ್ತಾರೆ, ನೀವೂ ನೋಡಿರಬಹುದು. ಗಿಟಾರಿನ ದನಿ ವಯರಿನಲ್ಲಿ ಪೆಟ್ಟಿಗೆಗೆ ಬಂದು, ಪೆಟ್ಟಿಗೆಯಿಂದ ಗಾಳಿಗೆ ಬಿದ್ದು, ಗಾಳಿಯಿಂದ ಮೈಕಿಗೆ ಹತ್ತಿ, ಮತ್ತೆ ವಯರು ಹಿಡಿದು ದೊಡ್ಡ ಸ್ಪೀಕರುಗಳಿಗೆ ಹೋಗುತ್ತದೆ. ಪಕ್ಕದ ಮನೆಗೆ ಹೋಗಲು ಬಸ್‌ಸ್ಟ್ಯಾಂಡು ಸುತ್ತಿ ಬಂದಂತೆ! ದಾರಿಯಲ್ಲಿ ಡ್ರಮ್ಮಿನ ಸದ್ದು, ಜನರೇಟರಿನ ಗುಡುಗುಡು ಎಲ್ಲವೂ ಜೊತೆಗೆ ಹತ್ತಿಕೊಳ್ಳುತ್ತವೆ. ವಯರಿನಿಂದ ವಯರಿಗೇ ಕಟ್ಟಿಬಿಟ್ಟರೆ ಏನಾಗುತ್ತದೆ? ನನ್ನ ತಂಗಿಯ ಮಗಳು ಕಾಲೇಜಿನ ಬ್ಯಾಂಡಿನಲ್ಲಿ ಗಿಟಾರ್ ಹಿಡಿದ ಮೇಲೆ ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದಿತು. ಉತ್ತರ ಹುಡುಕುತ್ತ ಹೋದವಳಿಗೆ ಒಂದು ಸೊಗಸಾದ ಇತಿಹಾಸವೇ ಸಿಕ್ಕಿತು.

ಅದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಾಕಿಶಾ ಎಂಬ ಸಣ್ಣ ಊರಿನಲ್ಲಿ ಶುರುವಾಗುತ್ತದೆ. 1915ರಲ್ಲಿ ಅಲ್ಲಿ ಹುಟ್ಟಿದ ಲೆಸ್ಟರ್ ಎಂಬ ಹುಡುಗ ರಸ್ತೆ ಬದಿಯ ತಿಂಡಿ ಅಂಗಡಿಯೊಂದರಲ್ಲಿ, ಕಾರಿನಲ್ಲಿ ಕೂತು ತಿನ್ನುವವರಿಗಾಗಿ, ಗಿಟಾರ್ ಬಾರಿಸಿ ಹಾಡುತ್ತಿದ್ದ. ಒಂದು ದಿನ ಯಾರೋ ಚೀಟಿ ಕಳಿಸಿದರು: ಹಾಡು ಕೇಳುತ್ತದೆ, ಗಿಟಾರ್ ಕೇಳುವುದಿಲ್ಲ. ಹುಡುಗ ಗ್ರಾಮಫೋನಿನ ಮುಳ್ಳನ್ನು ಗಿಟಾರಿನ ಮೈಗೆ ಚುಚ್ಚಿ, ಅದರ ವಯರನ್ನು ಮನೆಯ ರೇಡಿಯೋಗೆ ಜೋಡಿಸಿದ. ಹಾಡಿಗೆ ಟೆಲಿಫೋನಿನ ಮಾತಾಡುವ ತುದಿಯೇ ಮೈಕಾಯಿತು. ಆ ದಿನಗಳಿಂದ ಭಕ್ಷೀಸು ಹೆಚ್ಚಾಯಿತೆಂದು ಮುಂದೆ ಅವನೇ ಹೇಳಿಕೊಳ್ಳುತ್ತಿದ್ದ. ನಮ್ಮ ಮನೆಗಳಲ್ಲಿ ಯಾವ ಹುಡುಗನಾದರೂ ರೇಡಿಯೋವನ್ನೂ ಫೋನನ್ನೂ ಹೀಗೆ ಬಿಚ್ಚಿ ಕೂತಿದ್ದರೆ ಅವನಿಗೆ ಸಿಗುತ್ತಿದ್ದ ಭಕ್ಷೀಸೇ ಬೇರೆ. ಈ ಲೆಸ್ಟರನೇ ಮುಂದೆ ಲೆಸ್ ಪಾಲ್ ಎಂದು ಜಗತ್ತಿಗೆ ಗೊತ್ತಾದವನು.

ವಯರಿನ ಹುಚ್ಚು ಅವನ ಜೀವವನ್ನೇ ತೆಗೆಯುವುದರಲ್ಲಿತ್ತು. 1941ರಲ್ಲಿ ತಾನಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ ಗೆಳೆಯರೊಂದಿಗೆ ನುಡಿಸುತ್ತಿದ್ದಾಗ ಕರೆಂಟು ಹೊಡೆದು, ಸುಧಾರಿಸಿಕೊಳ್ಳಲು ಸುಮಾರು ಎರಡು ವರ್ಷ ಬೇಕಾಯಿತು. ಆದರೂ ಬಿಡಲಿಲ್ಲ ನೋಡಿ. 1949ರಲ್ಲಿ ಅವನು ಮದುವೆಯಾದ ಮೇರಿ ಫೋರ್ಡ್ ಒಳ್ಳೆಯ ಹಾಡುಗಾರ್ತಿ, ಗಿಟಾರೂ ಬಲ್ಲವಳು. ಇಬ್ಬರೂ ದೊಡ್ಡ ಸ್ಟುಡಿಯೋಗಳಿಗೆ ಹೋಗದೆ ಮನೆಯಲ್ಲೇ ರೆಕಾರ್ಡ್ ಮಾಡುತ್ತಿದ್ದರು. ಅವನ ಗಿಟಾರಿನ ವಯರು ನೇರವಾಗಿ ರೆಕಾರ್ಡ್ ಮಾಡುವ ಯಂತ್ರಕ್ಕೇ ಹೋಗುತ್ತಿತ್ತು, ನಡುವೆ ಸ್ಪೀಕರೂ ಇಲ್ಲ, ಮೈಕೂ ಇಲ್ಲ. ಮೇರಿಯ ದನಿಗೆ ಮಾತ್ರ ಮೈಕು ಬೇಕು, ಅದೂ ತುಟಿಯ ಹತ್ತಿರಕ್ಕೇ. ಒಬ್ಬಳ ದನಿಯನ್ನೇ ಒಂದರ ಮೇಲೊಂದು ಪದರ ಪದರವಾಗಿ ಹಾಕಿ ಅವರು ಹೊರತಂದ ‘ಹೌ ಹೈ ದ ಮೂನ್’ 1951ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಈ ಕತೆ ಹೇಳುವವರೆಲ್ಲ ಲೆಸ್ ಪಾಲನ ಯಂತ್ರಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಅದೇ ಸಾಲನ್ನು ಅದೇ ಶ್ರುತಿಯಲ್ಲಿ, ಅದೇ ಉಸಿರಿನಲ್ಲಿ ಹತ್ತಾರು ಸಲ ಹಾಡಿದವಳ ಗಂಟಲಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. 1964ರಲ್ಲಿ ಅವರಿಗೆ ವಿಚ್ಛೇದನವಾಯಿತು.

ಇಷ್ಟು ಸುಲಭವಾದರೆ ಎಲ್ಲರೂ ಹಾಗೇ ಏಕೆ ಮಾಡಲಿಲ್ಲ ಎನ್ನುತ್ತೀರಿ. ತೊಡಕು ಇಲ್ಲಿದೆ. ಸಾಮಾನ್ಯ ಗಿಟಾರಿನಿಂದ ಬರುವ ಸಂಕೇತ ನಾಜೂಕಿನದು. ಉದ್ದನೆಯ ವಯರಿನಲ್ಲಿ ಅದರ ಹೊಳಪು ಸೋರಿಹೋಗುತ್ತದೆ, ಮೈಕಿಗೆಂದು ಮಾಡಿದ ಸಾಕೆಟ್ಟಿಗೆ ಅದು ಹೊಂದುವುದೂ ಇಲ್ಲ. ದೊಡ್ಡ ನಲ್ಲಿಗೆ ಸಣ್ಣ ಪೈಪು ಸಿಕ್ಕಿಸಿದ ಹಾಗೆ. ನಡುವೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಬೇಕು. ಅದನ್ನು ಡಬ್ಬಿಯೊಳಗಿಟ್ಟರೆ ಅದೇ ಡಿಐ ಬಾಕ್ಸ್. ಡೆಟ್ರಾಯಿಟ್‌ನಲ್ಲಿ 1959ರಲ್ಲಿ ಬೆರ‍್ರಿ ಗಾರ್ಡಿ ಕೊಂಡ ಒಂದು ಮನೆಯೇ ಮೋಟೌನ್ ಸಂಸ್ಥೆಯ ಸ್ಟುಡಿಯೋ ಆಯಿತು. 1960ರ ದಶಕದಲ್ಲಿ ಅಲ್ಲಿ ಜೇಮ್ಸ್ ಜೇಮರ್ಸನ್ ಮೊದಲಾದವರ ಗಿಟಾರುಗಳು ಹೀಗೇ ನೇರವಾಗಿ ಯಂತ್ರಕ್ಕೆ ಹೋಗುತ್ತಿದ್ದವು. ಇಕ್ಕಟ್ಟಿನ ಕೋಣೆಯಲ್ಲಿ ಆಂಪುಗಳ ಗದ್ದಲವಿಲ್ಲ.

ಲಂಡನ್ನಿನಲ್ಲಿ 1967ರ ಫೆಬ್ರವರಿಯಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯ ಬೇಸ್ ಗಿಟಾರನ್ನು ಕೆನ್ ಟೌನ್‌ಸೆಂಡ್ ಎಂಬ ಎಂಜಿನಿಯರರ ಡಬ್ಬಿಯ ಮೂಲಕ ಇದೇ ರೀತಿ ಹಿಡಿದರು. ಅದನ್ನು ಕಂಡ ಜಾನ್ ಲೆನನ್, ನನ್ನ ದನಿಯನ್ನೂ ಹಾಗೆ ನೇರವಾಗಿ ತೆಗೆದುಕೊಳ್ಳಲಾಗದೇ ಎಂದು ಕೇಳಿದನಂತೆ. ಅದಕ್ಕೆ ಮೊದಲು ನಿನ್ನ ಕತ್ತಿಗೆ ಆಪರೇಷನ್ ಮಾಡಿ ಸಾಕೆಟ್ಟು ಕೂರಿಸಬೇಕು ಎಂದರಂತೆ ಜಾರ್ಜ್ ಮಾರ್ಟಿನ್.

ಇದೇ ಬೀಟಲ್ಸ್ 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ 55 ಸಾವಿರಕ್ಕೂ ಮೀರಿದ ಜನರೆದುರು ಹಾಡಿದ್ದರು. ವೇದಿಕೆಯ ಮೇಲೆ 100 ವ್ಯಾಟಿನ ಆಂಪುಗಳು, ಹಾಡಿಗೆ ಸ್ಟೇಡಿಯಮ್ಮಿನ ಸ್ಪೀಕರುಗಳು. ಆಟಗಾರರ ಹೆಸರು ಕೂಗಲು ಇಟ್ಟಿದ್ದವು ಅವು! ಹುಡುಗಿಯರ ಕಿರುಚಾಟದಲ್ಲಿ ಹಾಡು ಮುಳುಗಿತೆಂದು ಈಗಲೂ ಬರೆಯುತ್ತಾರೆ. ಹುಡುಗಿಯರ ಗಂಟಲನ್ನು ದೂರುವ ಮೊದಲು ಆ ಸ್ಪೀಕರುಗಳನ್ನು ದೂರಬೇಕಿತ್ತು ಎಂದು ನನ್ನ ಅಭಿಪ್ರಾಯ.

ನನ್ನ ತಂಗಿಯ ಮಗಳಿಗೆ ನಾನು ಮತ್ತೆ ಮತ್ತೆ ಹೇಳುವುದು ಇನ್ನೊಂದು ಸಂಗತಿ. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಲೆಸ್ ಹಾರ್ವಿ ಕೈಯಲ್ಲಿ ಗಿಟಾರ್ ಹಿಡಿದು ಮೈಕನ್ನು ಮುಟ್ಟಿದ. ಅರ್ಥಿಂಗ್ ಸರಿಯಿರಲಿಲ್ಲ. ವೇದಿಕೆಯ ಮೇಲೆಯೇ ಕರೆಂಟು ಹೊಡೆದು ಸತ್ತ. ಇಪ್ಪತ್ತೇಳು ವರ್ಷ. ಗಿಟಾರಿನ ತಂತಿಗಳು ಆಂಪಿನ ಮೂಲಕ ಭೂಮಿಗೆ, ಮೈಕಿನ ಲೋಹ ಇನ್ನೊಂದು ಯಂತ್ರದ ಮೂಲಕ ಭೂಮಿಗೆ. ಎರಡರಲ್ಲಿ ಒಂದು ಕೆಟ್ಟಿದ್ದರೆ ನಡುವೆ ನಿಂತ ಮನುಷ್ಯನೇ ವಯರು. ಡಿಐ ಬಾಕ್ಸಿನಲ್ಲಿ ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳು ಒಂದನ್ನೊಂದು ಮುಟ್ಟುವುದಿಲ್ಲ, ಸಂಗೀತ ಮಾತ್ರ ದಾಟುತ್ತದೆ. ‘ಗುಂಯ್’ ಎನ್ನುವ ಸದ್ದನ್ನು ನಿಲ್ಲಿಸಲು ಅದರ ಮೇಲೊಂದು ಸ್ವಿಚ್ಚೂ ಇರುತ್ತದೆ. ಆದರೆ ಹಾಡುವವಳ ತುಟಿಯನ್ನೂ ಕೈಯನ್ನೂ ಆ ಡಬ್ಬಿ ಕಾಯುವುದಿಲ್ಲ, ಅದನ್ನು ಕಾಯುವುದು ಸರಿಯಾದ ಅರ್ಥಿಂಗೇ. ನಮ್ಮಲ್ಲಿ ಗುಂಯ್ ನಿಲ್ಲಿಸಲು ಪ್ಲಗ್ಗಿನ ದಪ್ಪ ಪಿನ್ನನ್ನೇ ಕಿತ್ತೆಸೆಯುವ ಜಾಣರಿದ್ದಾರೆ, ಬರಿಯ ವಯರಿನ ತುದಿಗಳನ್ನು ಬೆಂಕಿಕಡ್ಡಿಯಿಂದ ಸಾಕೆಟ್ಟಿಗೆ ಸಿಕ್ಕಿಸುವವರೂ ಇದ್ದಾರೆ. ಗ್ರೈಂಡರಿನ ಅರ್ಥ್ ಕಿತ್ತರೆ ಏನಾದೀತೆಂದು ನಮಗೆ ಗೊತ್ತಿದೆಯಲ್ಲ, ವೇದಿಕೆಯ ಮೇಲೂ ಅದೇ.

ಇನ್ನು ಆಂಪಿನಿಂದಲೇ ನೇರವಾಗಿ ಕಟ್ಟುವ ಮಾತು. ಗಿಟಾರಿನ ಸ್ಪೀಕರು ತೀರಾ ಚುರುಕಾದ ಸದ್ದುಗಳನ್ನು ತಾನೇ ಅಡಗಿಸಿಬಿಡುತ್ತದೆ. ಅದನ್ನು ಬಿಟ್ಟು ವಯರು ಎಳೆದರೆ, ಅದರಲ್ಲೂ ದನಿ ಒಡೆಸಿ ನುಡಿಸುವಾಗ, ಜೇನು ಎದ್ದಂತೆ ಕೇಳುತ್ತದೆ. ಹಳೆಯ ವಾಲ್ವ್ ಆಂಪಿನ ಸ್ಪೀಕರನ್ನು ಕಳಚಿ, ಬದಲಿಗೆ ಭಾರ ಕೊಡದೆ ಚಾಲೂ ಮಾಡಿದರಂತೂ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಆ ಸ್ಪೀಕರಿನ ಗುಣವನ್ನು ಡಬ್ಬಿಯಲ್ಲೇ ತುಂಬಿಡುವ ಕೆಲಸ 1980ರ ದಶಕದಲ್ಲಿ ಜೋರಾಯಿತು. ಬಾಸ್ಟನ್ ತಂಡದ ಟಾಮ್ ಶೋಲ್ಜ್ 1982ರಲ್ಲಿ ರಾಕ್‌ಮನ್ ತಂದ. 1989ರಲ್ಲಿ ಸ್ಯಾನ್ಸ್‌ಆಂಪ್ ಬಂತು, 1998ರಲ್ಲಿ ಕೆಂಪು ಹುರುಳಿಬೀಜದ ಆಕಾರದ ಪಾಡ್.

ಮಗು ಈಗ ಅಂಥದೇ ಒಂದು ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತಾಳೆ. ಮೊನ್ನೆ ಪೆಂಡಾಲಿನಲ್ಲಿ ಅವಳ ಆಂಪಿನ ಮುಂದಿದ್ದ ಮೈಕನ್ನು ಎತ್ತಿ ಭಜನಾ ಮಂಡಳಿಯ ಹೆಂಗಸರ ಕಡೆ ಇಟ್ಟರು. ಅವರಿಗೆ ಯಾವಾಗಲೂ ಒಂದು ಮೈಕು ಕಡಿಮೆಯೇ ಬೀಳುತ್ತಿತ್ತು.