ಏರಿಸುವುದು ಸುಲಭ, ಇಳಿಸುವುದು ವಿದ್ಯೆ
ರೇಡಿಯೊ ನಿಯಂತ್ರಿತ ಜೆಟ್ ಮಾದರಿಗಳ ಇತಿಹಾಸ



ಆಷಾಢದ ಗಾಳಿಯಲ್ಲಿ ಗಾಳಿಪಟ ಹಾರಿಸಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಪಟವನ್ನು ಮೇಲೇರಿಸಲು ಗಾಳಿಯೇ ನೆರವಾಗುತ್ತದೆ. ಅದು ಹರಿಯದಂತೆ, ಮರಕ್ಕೆ ಸಿಕ್ಕಿಕೊಳ್ಳದಂತೆ ಕೆಳಗಿಳಿಸಲು ಮಾತ್ರ ಕೈಚಳಕ ಬೇಕು. ವಿಮಾನದ ಮಾತೂ ಹೀಗೆಯೇ. ಹಾರಾಟದಲ್ಲಿ ಪೈಲಟ್‌ನ ನಿಜವಾದ ಪರೀಕ್ಷೆ ನಡೆಯುವುದು ವಿಮಾನ ನೆಲ ಮುಟ್ಟುವ ಕೊನೆಯ ಕೆಲವು ಕ್ಷಣಗಳಲ್ಲಿ.

ಈಗ ಒಂದು ಪ್ರಶ್ನೆ. ಪೈಲಟ್ ವಿಮಾನದೊಳಗೆ ಕುಳಿತೇ ಇಲ್ಲ ಎನ್ನಿ. ಅವನು ನೆಲದ ಮೇಲೆ ನಿಂತು, ಕೈಯಲ್ಲೊಂದು ರೇಡಿಯೊ ಪೆಟ್ಟಿಗೆ ಹಿಡಿದು, ಎರಡು ಮೂರು ಮೀಟರ್ ಉದ್ದದ ಜೆಟ್ ಮಾದರಿಯೊಂದನ್ನು ರನ್‌ವೇಗೆ ಇಳಿಸಬೇಕು. ಇದು ಹೇಗೆ ಸಾಧ್ಯವಾಯಿತು? ಆಟಿಕೆಯಂತೆ ಕಾಣುವ ಈ ವಿಮಾನಗಳಿಂದ ದೊಡ್ಡ ವಿಮಾನಗಳು ಏನು ಕಲಿತವು? ಈ ಪುಟಗಳಲ್ಲಿ ಆ ಇತಿಹಾಸವನ್ನು ನೋಡೋಣ.

ದಾರವಿಲ್ಲದ ಗಾಳಿಪಟ

ದೂರದಿಂದಲೇ ಯಂತ್ರವನ್ನು ನಡೆಸುವ ವಿದ್ಯೆ ಶುರುವಾದದ್ದು ನೀರಿನ ಮೇಲೆ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದು ಪುಟ್ಟ ದೋಣಿಯನ್ನು ರೇಡಿಯೊ ಅಲೆಗಳಿಂದ ನಡೆಸಿ ತೋರಿಸಿದರು. ದೋಣಿಗೂ ಅವರಿಗೂ ನಡುವೆ ತಂತಿ ಇರಲಿಲ್ಲ. ಗಾಳಿಪಟದ ದಾರದ ಕೆಲಸವನ್ನು ಕಣ್ಣಿಗೆ ಕಾಣದ ಅಲೆಗಳು ಮಾಡಿದವು.

ದೋಣಿ ಕೆಟ್ಟರೆ ನೀರಿನ ಮೇಲೆ ನಿಂತೀತು. ವಿಮಾನ ಹಾಗೆ ಆಕಾಶದಲ್ಲಿ ನಿಲ್ಲಲಾರದು. 1935ರಲ್ಲಿ ಬ್ರಿಟನ್ನಿನವರು 'ಕ್ವೀನ್ ಬೀ' ಎಂಬ ಪೈಲಟ್‌ರಹಿತ ವಿಮಾನವನ್ನು ಬಳಕೆಗೆ ತಂದರು. ವಿಮಾನ ಹೊಡೆಯುವ ಫಿರಂಗಿ ಸಿಪಾಯಿಗಳಿಗೆ ಗುರಿಯ ಅಭ್ಯಾಸ ಮಾಡಿಸಲು ಅದು ಬೇಕಾಗಿತ್ತು. ಟೆಲಿಫೋನಿನ ಡಯಲ್‌ನಂಥ ಸಾಧನವನ್ನು ತಿರುಗಿಸಿ ನೆಲದಿಂದ ಅದಕ್ಕೆ ಆಜ್ಞೆ ಕೊಡುತ್ತಿದ್ದರು. ಇಂದು ನಾವೆಲ್ಲ ಬಳಸುವ 'ಡ್ರೋನ್' ಎಂಬ ಹೆಸರು ಈ ರಾಣಿಜೇನಿನ ಹೆಸರಿನಿಂದಲೇ ಹುಟ್ಟಿತೆಂದು ಹೇಳುವುದುಂಟು. ಡ್ರೋನ್ ಎಂದರೆ ಗಂಡು ಜೇನು.

ಅದೇ ಕಾಲದಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಕಲಮಜೂ ಎಂಬ ಊರಿನಲ್ಲಿ ನಿಮ್ಮಂತೆಯೇ ವಿದ್ಯಾರ್ಥಿಗಳಾಗಿದ್ದ ಇಬ್ಬರು ಅವಳಿ ಸಹೋದರರು, ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್, ಒಂದು ಮಾದರಿ ವಿಮಾನ ಕಟ್ಟುತ್ತಿದ್ದರು. ಒಬ್ಬನಿಗೆ ವಿಮಾನದ ಹುಚ್ಚು, ಇನ್ನೊಬ್ಬನಿಗೆ ರೇಡಿಯೊದ ಹುಚ್ಚು. 1937ರಲ್ಲಿ ಅವರ 'ಗಫ್' ಹಾರಿತು. ಸುಮಾರು ಎರಡೂವರೆ ಮೀಟರ್ ಅಗಲದ ರೆಕ್ಕೆಗಳ ಆ ವಿಮಾನ ಇಂದು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಆ ಕಾಲದ ಸರಳ ಸಾಧನಗಳಲ್ಲಿ 'ಚುಕ್ಕಾಣಿಯನ್ನು ಸ್ವಲ್ಪ ತಿರುಗಿಸು' ಎಂದು ವಿಮಾನಕ್ಕೆ ಹೇಳುವ ಉಪಾಯವಿರಲಿಲ್ಲ. ಪೂರ್ತಿ ಎಡ, ಪೂರ್ತಿ ಬಲ, ಇಲ್ಲವೆ ನೇರ, ಇಷ್ಟೇ. ಸೈಕಲ್ಲಿನ ಹ್ಯಾಂಡಲ್ಲನ್ನು ಒಮ್ಮೆ ಪೂರ್ತಿ ಎಡಕ್ಕೆ, ಒಮ್ಮೆ ಪೂರ್ತಿ ಬಲಕ್ಕೆ ಮಾತ್ರ ತಿರುಗಿಸಬಹುದು ಎಂದರೆ ನೀವು ಮನೆ ಸೇರುವುದು ಹೇಗೆ? 1960ರ ದಶಕದಲ್ಲಿ ಬೆರಳು ಎಷ್ಟು ಸರಿದರೆ ಚುಕ್ಕಾಣಿಯೂ ಅಷ್ಟೇ ಸರಿಯುವ ರೇಡಿಯೊ ನಿಯಂತ್ರಣ ಬಳಕೆಗೆ ಬಂತು. ಮಾದರಿ ವಿಮಾನವನ್ನು ಬೇಕಾದ ಜಾಗದಲ್ಲಿ ಮೆಲ್ಲನೆ ಇಳಿಸುವುದು ಆಗ ಬಹುಮಂದಿಯ ಕೈಗೆಟುಕುವ ಕೆಲಸವಾಯಿತು.

ನಲವತ್ತರಲ್ಲಿ ಒಂದು ಪಾಲು

ಇದರ ಪ್ರಯೋಜನ ಬೇಗನೆ ಕಾಣಿಸಿತು. 1970ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆ ಬಾಹ್ಯಾಕಾಶಕ್ಕೆ ಹೋಗಿ ಮರಳಿ ರನ್‌ವೇಗೆ ಇಳಿಯುವ ಸ್ಪೇಸ್ ಷಟಲ್ ಕಟ್ಟುತ್ತಿತ್ತು. ಇಳಿಯುವಾಗ ಈ ನೌಕೆ ಎಂಜಿನ್ನಿನ ನೆರವಿಲ್ಲದ ಬರಿಯ ಗ್ಲೈಡರ್. ಒಮ್ಮೆ ತಪ್ಪಿದರೆ ಮತ್ತೊಂದು ಸುತ್ತು ಹಾಕಿ ಬರುವ ಅವಕಾಶವಿಲ್ಲ. ಆದ್ದರಿಂದ ಬಾಹ್ಯಾಕಾಶಕ್ಕೆ ಕಳಿಸುವ ಮೊದಲೇ ಅದನ್ನು ಇಳಿಸಿ ನೋಡಬೇಕಿತ್ತು. ಹಾಗಾದರೆ ಅದನ್ನು ಮೇಲಕ್ಕೆ ಒಯ್ಯುವವರು ಯಾರು?

ದೊಡ್ಡದೊಂದು ಜೆಟ್ ವಿಮಾನದ ಬೆನ್ನ ಮೇಲೆ ಅದನ್ನು ಕೂರಿಸಿ ಒಯ್ದು, ಆಕಾಶದಲ್ಲಿ ಬಿಡೋಣ ಎಂಬ ಸಲಹೆ ಬಂತು. ಹಲವರಿಗೆ ನಂಬಿಕೆ ಬರಲಿಲ್ಲ. ಬಿಟ್ಟ ಕೂಡಲೇ ನೌಕೆ ಹಿಂದಕ್ಕೆ ಸರಿದು ವಿಮಾನದ ಬಾಲಕ್ಕೆ ಬಡಿದರೆ ಎರಡೂ ನಾಶವಾಗುವ ಭಯವಿತ್ತು. ನಾಸಾದ ಎಂಜಿನಿಯರ್ ಜಾನ್ ಕೈಕರ್ ಮಾದರಿ ವಿಮಾನಗಳ ಹವ್ಯಾಸಿಯೂ ಆಗಿದ್ದರು. ಅವರು ಬೋಯಿಂಗ್ 747 ಮತ್ತು ಷಟಲ್ ಎರಡರದೂ ನಲವತ್ತರಲ್ಲಿ ಒಂದು ಪಾಲಿನ ರೇಡಿಯೊ ನಿಯಂತ್ರಿತ ಮಾದರಿಗಳನ್ನು ಕಟ್ಟಿದರು. 70 ಮೀಟರ್ ಉದ್ದದ ವಿಮಾನ ಒಂದೂಮುಕ್ಕಾಲು ಮೀಟರಿಗೆ ಇಳಿಯಿತು. 37 ಮೀಟರಿನ ನೌಕೆ ಒಂದು ಮೀಟರಿಗೂ ಕಡಿಮೆಯಾಯಿತು. ಒಂದರ ಬೆನ್ನ ಮೇಲೆ ಇನ್ನೊಂದನ್ನು ಕೂರಿಸಿ ಹಾರಿಸಿ, ಆಕಾಶದಲ್ಲಿ ಬೇರ್ಪಡಿಸಿ, ಎರಡನ್ನೂ ಇಳಿಸಿ ತೋರಿಸಿದರು. ಗಾಳಿ ಸುರಂಗದ ಪ್ರಯೋಗಗಳೂ ಲೆಕ್ಕಾಚಾರಗಳೂ ಜೊತೆಗೆ ನಡೆದವು. ಆದರೆ ಕಣ್ಣಾರೆ ಕಂಡ ಹಾರಾಟಕ್ಕೆ ಇರುವ ಬೆಲೆಯೇ ಬೇರೆ.

1977ರ ಆಗಸ್ಟ್ 12ರಂದು ಕ್ಯಾಲಿಫೋರ್ನಿಯದಲ್ಲಿ ಫ್ರೆಡ್ ಹೇಯ್ಸ್ ಮತ್ತು ಗಾರ್ಡನ್ ಫುಲರ್ಟನ್ ಎಂಬ ಇಬ್ಬರು 'ಎಂಟರ್‌ಪ್ರೈಸ್' ನೌಕೆಯಲ್ಲಿ ಕುಳಿತು 747ರ ಬೆನ್ನೇರಿದರು. ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ನೌಕೆ ಬೇರ್ಪಟ್ಟಿತು. ಐದು ನಿಮಿಷ ತೇಲಿ ಎಡ್ವರ್ಡ್ಸ್ ನೆಲೆಯ ಒಣಗಿದ ಕೆರೆಯಂಗಳದಲ್ಲಿ ಸುಖವಾಗಿ ಇಳಿಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷದ ಅಕ್ಟೋಬರ್ 26ರಂದು, ಐದನೆಯ ಹಾಗೂ ಕೊನೆಯ ಪ್ರಯೋಗದಲ್ಲಿ, ಕಾಂಕ್ರೀಟ್ ರನ್‌ವೇ ಹತ್ತಿರ ಬಂದಾಗ ನೌಕೆ ತೂಗಾಡತೊಡಗಿತು. ಪೈಲಟ್ ಕೊಟ್ಟ ಆಜ್ಞೆ ಕಂಪ್ಯೂಟರಿನ ಮೂಲಕ ಹಾದು ರೆಕ್ಕೆಯನ್ನು ತಲುಪುವಾಗ ಕ್ಷಣದ ಒಂದಂಶ ತಡವಾಗುತ್ತಿತ್ತು. ಫಲ ಕಾಣಲಿಲ್ಲವೆಂದು ಪೈಲಟ್ ಮತ್ತಷ್ಟು ತಿರುಗಿಸುತ್ತಾನೆ. ಅಷ್ಟರಲ್ಲಿ ಮೊದಲಿನ ಆಜ್ಞೆಯ ಫಲ ಬಂದಿರುತ್ತದೆ. ಅದನ್ನು ಸರಿಪಡಿಸಲು ವಿರುದ್ಧ ದಿಕ್ಕಿಗೆ ತಿರುಗಿಸುತ್ತಾನೆ. ಹೀಗೆ ತೂಗಾಟ ಹೆಚ್ಚುತ್ತ ಹೋಗುತ್ತದೆ. ನೌಕೆ ನೆಲಕ್ಕೆ ತಗುಲಿ ಪುಟಿದೆದ್ದಿತು. ಕೊನೆಗೆ ಕ್ಷೇಮವಾಗಿಯೇ ನಿಂತಿತು. ವಿಜ್ಞಾನಿಗಳು ಇದನ್ನು ಕಡೆಗಣಿಸಲಿಲ್ಲ. ಬೇರೊಂದು ವಿಮಾನದಲ್ಲಿ ಈ ವಿಳಂಬವನ್ನು ಬೇಕೆಂದೇ ಉಂಟುಮಾಡಿ ಅಧ್ಯಯನ ನಡೆಸಿ, ಷಟಲ್‌ನ ನಿಯಂತ್ರಣವನ್ನು ತಿದ್ದಿದರು. ಈ 'ವಿಳಂಬ' ಎಂಬ ಪದವನ್ನು ನೆನಪಿನಲ್ಲಿಡಿ. ಮುಂದೆ ಅದು ಮತ್ತೆ ಬರುತ್ತದೆ.

ಮನೆಯ ಕಾರ್ಯಾಗಾರದಲ್ಲಿ ಜೆಟ್ ಎಂಜಿನ್

ಇಷ್ಟಾದರೂ ಹವ್ಯಾಸಿಗಳ ಮಾದರಿಗಳಿಗೆ ನಿಜವಾದ ಜೆಟ್ ಎಂಜಿನ್ ಇರಲಿಲ್ಲ. ಜೆಟ್‌ನಂತೆ ಕಾಣುವ ವಿಮಾನದ ಹೊಟ್ಟೆಯೊಳಗೆ ಕೊಳವೆಯಿಟ್ಟು, ಸಣ್ಣ ಎಂಜಿನ್ನಿಗೆ ಫ್ಯಾನ್ ಜೋಡಿಸಿ ಗಾಳಿಯನ್ನು ಹಿಂದಕ್ಕೆ ತಳ್ಳುತ್ತಿದ್ದರು. ಟರ್ಬೈನ್ ಎಂಜಿನ್ನನ್ನು ಚಿಕ್ಕದು ಮಾಡುವುದು ಸುಲಭವಲ್ಲ. ಗಾತ್ರ ಕುಗ್ಗಿದಷ್ಟೂ ಅದು ಹೆಚ್ಚು ವೇಗವಾಗಿ ತಿರುಗಬೇಕು. ಅದರ ಭಾಗಗಳ ನಡುವಿನ ಸಂದು ಕೂದಲೆಳೆಯಷ್ಟು ಕಿರಿದಾಗಿರಬೇಕು.

1983ರಲ್ಲಿ ಇಂಗ್ಲೆಂಡಿನಲ್ಲಿ ಜೆರ್ರಿ ಜ್ಯಾಕ್‌ಮನ್ ಮತ್ತು ಸಂಗಡಿಗರು ಟರ್ಬೈನ್ ಎಂಜಿನ್ನಿನ ಮಾದರಿ ವಿಮಾನವನ್ನು ಹಾರಿಸಿದರು. ಅನಂತರ ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಸಾಮಾನ್ಯ ಕುಶಲಿಗನೂ ಮಾಡಬಹುದಾದ ಎಂಜಿನ್ನನ್ನು ರೂಪಿಸಿದರು. ಅದರಲ್ಲಿ ಗಾಳಿಯನ್ನು ಒತ್ತುವ ಚಕ್ರ ಮರದ್ದು ಎಂದರೆ ನೀವು ಆಶ್ಚರ್ಯಪಡಬಹುದು! ಪ್ಲೈವುಡ್ಡಿನ ಚಕ್ರಕ್ಕೆ ಕಾರ್ಬನ್ ನಾರನ್ನು ಸುತ್ತಿ ಬಲಪಡಿಸಿದ್ದರು. ಬೆಂಕಿಯ ಕಡೆಯ ಟರ್ಬೈನ್ ಚಕ್ರವನ್ನು ಉಕ್ಕಿನ ತಗಡಿನಿಂದ ಕತ್ತರಿಸಿ ಮಾಡಿದ್ದರು. ಮುಂದೆ ಬಂದ ವಿನ್ಯಾಸಗಳಲ್ಲಿ ಮೋಟಾರು ವಾಹನಗಳ ಟರ್ಬೋಚಾರ್ಜರಿನ ಚಕ್ರವನ್ನೇ ಅಳವಡಿಸಿದರು. ಶ್ರೆಕ್ಲಿಂಗ್ ತಮ್ಮ ವಿಧಾನವನ್ನು ಪುಸ್ತಕವಾಗಿ ಬರೆದು ಎಲ್ಲರಿಗೂ ಹಂಚಿದರು. ಅದರಿಂದಾಗಿ ಅನೇಕ ದೇಶಗಳಲ್ಲಿ ಜನ ಮನೆಯ ಕಾರ್ಯಾಗಾರದಲ್ಲೇ ಜೆಟ್ ಎಂಜಿನ್ ಮಾಡತೊಡಗಿದರು. ಇಂದು ಅಂಥ ಎಂಜಿನ್ನುಗಳು ಸಿದ್ಧವಾಗಿಯೇ ಸಿಗುತ್ತವೆ. ಎಣ್ಣೆ ಬೆರೆಸಿದ ಸೀಮೆಎಣ್ಣೆ ಅವುಗಳ ಇಂಧನ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವಂಥವೂ ಇವೆ. 2017ರಲ್ಲಿ ಜರ್ಮನಿಯಲ್ಲಿ ಇಂಥ ಒಂದು ಮಾದರಿ ಗಂಟೆಗೆ 749 ಕಿಲೋಮೀಟರ್ ವೇಗವನ್ನು ಮುಟ್ಟಿ ದಾಖಲೆ ಮಾಡಿತು.

ಇಳಿಸುವುದೇಕೆ ಕಷ್ಟ?

ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ನೋಟ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಎಡವೇ ನಮ್ಮ ಎಡ. ಇಳಿಯಲು ನಮ್ಮತ್ತ ಬರುವಾಗ ಅದರ ಎಡ ನಮ್ಮ ಬಲವಾಗುತ್ತದೆ. ಕನ್ನಡಿ ನೋಡಿಕೊಂಡು ಬರೆಯಲು ಪ್ರಯತ್ನಿಸಿದರೆ ಈ ಗೊಂದಲ ಏನೆಂದು ತಿಳಿದೀತು. ಮೇಲಾಗಿ ನೆಲದಲ್ಲಿ ನಿಂತವನಿಗೆ ವಿಮಾನದ ಅದುರು ಮೈಗೆ ತಾಗುವುದಿಲ್ಲ. ಕಣ್ಣೊಂದೇ ಅವನಿಗೆ ಆಧಾರ.

ಎರಡನೆಯದು, ವೇಗ. ರೆಕ್ಕೆಯ ಮೇಲೆ ಹರಿಯುವ ಗಾಳಿಯೇ ವಿಮಾನವನ್ನು ಎತ್ತಿ ಹಿಡಿಯುವುದು. ಜೆಟ್ ಮಾದರಿಗಳ ರೆಕ್ಕೆ ಚಿಕ್ಕದು, ತೂಕ ಹೆಚ್ಚು. ವೇಗ ಒಂದು ಮಿತಿಗಿಂತ ತಗ್ಗಿದರೆ ರೆಕ್ಕೆ ಎತ್ತುವ ಶಕ್ತಿಯನ್ನು ಕಳೆದುಕೊಂಡು ವಿಮಾನ ಕಲ್ಲಿನಂತೆ ಬೀಳುತ್ತದೆ. ವೇಗ ಹೆಚ್ಚಾದರೆ ಚಕ್ರಗಳು ಪುಟಿಯುತ್ತವೆ, ಇಲ್ಲವೆ ರನ್‌ವೇ ಸಾಲದಾಗುತ್ತದೆ. ಮುಂದೆ ತಿರುಗುವ ಪ್ರೊಪೆಲ್ಲರ್ ಇದ್ದಿದ್ದರೆ ಎಂಜಿನ್ ತಗ್ಗಿಸಿದಾಗ ಅದೇ ಗಾಳಿಗೆ ಅಡ್ಡವಾಗಿ ವೇಗ ಕಡಿಮೆ ಮಾಡುತ್ತಿತ್ತು. ಜೆಟ್‌ನಲ್ಲಿ ಆ ತಡೆ ಇಲ್ಲ. ಎಂಜಿನ್ ಅತಿ ನಿಧಾನದಲ್ಲಿದ್ದಾಗಲೂ ವಿಮಾನವನ್ನು ಸ್ವಲ್ಪ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ.

ಮೂರನೆಯದು, ನಾವು ಆಗಲೇ ಕಂಡ ವಿಳಂಬ. ಟರ್ಬೈನ್ ನಿಧಾನದಿಂದ ಪೂರ್ಣ ವೇಗಕ್ಕೆ ಬರಲು ಕೆಲವು ಸೆಕೆಂಡುಗಳು ಬೇಕು. ವಿಮಾನ ತೀರ ತಗ್ಗಿಗೆ ಬಂದ ಮೇಲೆ 'ಅಯ್ಯೋ, ಶಕ್ತಿ ಸಾಲದು' ಎಂದು ಗುಂಡಿ ತಳ್ಳಿದರೆ, ಶಕ್ತಿ ಬರುವಷ್ಟರಲ್ಲಿ ನೆಲ ಬಂದಿರುತ್ತದೆ. ಆದ್ದರಿಂದ ಪಳಗಿದ ಚಾಲಕ ಕೈಗಿಂತ ಮೊದಲು ಬುದ್ಧಿಯನ್ನು ಓಡಿಸುತ್ತಾನೆ. ಗಾಳಿಗೆ ಎದುರಾಗಿ, ಉದ್ದನೆಯ ನೇರ ದಾರಿಯಲ್ಲಿ ವಿಮಾನವನ್ನು ತರುತ್ತಾನೆ. ಫ್ಲ್ಯಾಪ್ ಇಳಿಸಿ, ಎಂಜಿನ್ನಿನಲ್ಲಿ ಸ್ವಲ್ಪ ಶಕ್ತಿ ಉಳಿಸಿಕೊಂಡಿರುತ್ತಾನೆ. ದಾರಿ ಸರಿಯಿಲ್ಲವೆನಿಸಿದರೆ ಹಟ ಹಿಡಿಯದೆ, ಎತ್ತರವಿರುವಾಗಲೇ ಮತ್ತೊಂದು ಸುತ್ತಿಗೆ ಹೊರಡುತ್ತಾನೆ. ಅದಕ್ಕೆ ಬೇಕಾದ ಇಂಧನವನ್ನು ಮೊದಲೇ ಲೆಕ್ಕ ಹಾಕಿ ಉಳಿಸಿರುತ್ತಾನೆ.

ಇದರಲ್ಲಿ ಪಣಕ್ಕಿಟ್ಟಿರುವುದು ಬರಿಯ ಹಣವಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದ ವಸ್ತು ಬಡಿದರೆ, ಅದು ಸುಮಾರು 39 ಮೀಟರ್ ಎತ್ತರದಿಂದ ಬಿದ್ದಷ್ಟೇ ಪೆಟ್ಟು. ವೇಗ 200 ಆದರೆ ಎತ್ತರ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ನಿಮ್ಮ ಭೌತಶಾಸ್ತ್ರದ ಸೂತ್ರದಿಂದ ನೀವೇ ಲೆಕ್ಕ ಮಾಡಿ ನೋಡಿ. ಹದಿನೈದು ಕಿಲೋ ತೂಕದ ಮಾದರಿಯೊಂದು ಜನರ ನಡುವೆ ಬಿದ್ದರೆ ಏನಾದೀತು? ಜೆಟ್ ಮಾದರಿಗಳನ್ನು ಹಾರಿಸುವವರು ಜನಸಂದಣಿಯ ಮೇಲೆ ಹಾರದಿರುವುದು, ಬೆಂಕಿ ನಂದಿಸುವ ಸಾಧನ ಇಟ್ಟುಕೊಳ್ಳುವುದು, ಪಕ್ಕದಲ್ಲಿ ಆಕಾಶ ಗಮನಿಸುವ ಸಹಾಯಕನನ್ನು ನಿಲ್ಲಿಸುವುದು ಇದಕ್ಕಾಗಿಯೇ.

ಚಳ್ಳಕೆರೆಯ ರನ್‌ವೇ

ಈ ಇತಿಹಾಸದ ಒಂದು ಅಧ್ಯಾಯ ನಮ್ಮ ನಾಡಿನಲ್ಲೇ ನಡೆದಿದೆ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ (ಎಡಿಇ) 'ಲಕ್ಷ್ಯ' ಎಂಬ ಪೈಲಟ್‌ರಹಿತ ಜೆಟ್ ವಿಮಾನವನ್ನು ರೂಪಿಸಿತು. ಕ್ವೀನ್ ಬೀಯಂತೆ ಇದೂ ಗುರಿಯ ಅಭ್ಯಾಸಕ್ಕೆಂದೇ ಹುಟ್ಟಿದ್ದು. ಅದರ ಮೊದಲ ಹಾರಾಟ 1985ರಲ್ಲಿ ನಡೆಯಿತು. ಅದಕ್ಕೆ ನಮ್ಮ ಎಚ್‌ಎಎಲ್ ಸಂಸ್ಥೆಯೇ ಜೆಟ್ ಎಂಜಿನ್ ತಯಾರಿಸಿಕೊಟ್ಟಿತು. ಆದರೆ ಲಕ್ಷ್ಯಕ್ಕೆ ಚಕ್ರಗಳಿಲ್ಲ. ರಾಕೆಟ್ಟಿನ ನೂಕುಬಲದಿಂದ ಅದು ಮೇಲೇರುತ್ತದೆ. ಕೆಲಸ ಮುಗಿದ ಮೇಲೆ ಪ್ಯಾರಾಚೂಟ್ ಬಿಚ್ಚಿಕೊಂಡು ಇಳಿಯುತ್ತದೆ. ಇಳಿಸುವ ಕಷ್ಟವನ್ನು ಬದಿಗಿರಿಸಿದ ಜಾಣತನ ಇದು.

ಆ ಕಷ್ಟವನ್ನು ನೇರವಾಗಿ ಎದುರಿಸಿದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ. 2022ರ ಜುಲೈ 1ರಂದು ಅದೇ ಸಂಸ್ಥೆ ರೂಪಿಸಿದ, ಇಡೀ ಮೈಯೇ ರೆಕ್ಕೆಯಾಗಿರುವ ಸಣ್ಣ ಜೆಟ್ ವಿಮಾನವೊಂದು ತಾನಾಗಿಯೇ ರನ್‌ವೇಯಿಂದ ಎದ್ದು, ಗೊತ್ತುಪಡಿಸಿದ ದಾರಿಯಲ್ಲಿ ಹಾರಿ, ತಾನಾಗಿಯೇ ಇಳಿಯಿತು. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆ ಆರೂವರೆ ಮೀಟರ್ ಉದ್ದದ ರೆಕ್ಕೆಯುಳ್ಳ ನೌಕೆಯನ್ನು ಚಿನೂಕ್ ಹೆಲಿಕಾಪ್ಟರಿಗೆ ತೂಗುಹಾಕಿ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತು. ಎಂಜಿನ್ನಿನ ಬಲವಿಲ್ಲದೆ ತೇಲಿ ಬಂದ ಅದು ಯಾರ ಕೈಯ ನೆರವೂ ಇಲ್ಲದೆ ಚಳ್ಳಕೆರೆಯ ರನ್‌ವೇಗೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ 'ಪುಷ್ಪಕ್' ಎಂಬ ಹೆಸರಿನಿಂದ ಮತ್ತೆರಡು ಪ್ರಯೋಗಗಳು ನಡೆದವು. ಈ ಸಲ ನೌಕೆಯನ್ನು ಬೇಕೆಂದೇ ರನ್‌ವೇಯ ನೇರದಿಂದ ಪಕ್ಕಕ್ಕೆ ಬಿಡಲಾಯಿತು. ಅದು ತನ್ನ ದಾರಿಯನ್ನು ತಾನೇ ತಿದ್ದಿಕೊಂಡು ಬಂತು. ಜೂನ್ 23ರಂದು ಅದು ನೆಲ ಮುಟ್ಟಿದ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು.

ಕೈಕರ್ ಅವರ ಪುಟ್ಟ ಮಾದರಿಗೂ ನಮ್ಮ ಪುಷ್ಪಕ್‌ಗೂ ಇರುವ ಹೋಲಿಕೆಯನ್ನು ಗಮನಿಸಿ. ಎರಡನ್ನೂ ಇನ್ನೊಂದು ವಾಹನ ಮೇಲಕ್ಕೆ ಒಯ್ದಿತು, ಆಕಾಶದಲ್ಲಿ ಬಿಟ್ಟಿತು. ಎರಡೂ ಮುಂದೆ ಬರಲಿರುವ ದೊಡ್ಡ ನೌಕೆಗಾಗಿ ಇಳಿಯುವ ಪಾಠ ಕಲಿತವು. ಎರಡರಲ್ಲೂ ಮನುಷ್ಯರಿರಲಿಲ್ಲ, ಬಿದ್ದಿದ್ದರೆ ಹೋಗುತ್ತಿದ್ದುದು ಯಂತ್ರ ಮಾತ್ರ. ಮಾದರಿಯ ನಿಜವಾದ ಬೆಲೆ ಇದೇ. ತಪ್ಪುಗಳನ್ನು ಅದು ಚಿಕ್ಕ ಗಾತ್ರದಲ್ಲಿ, ಜೀವಹಾನಿಯಿಲ್ಲದೆ ನಮಗೆ ತೋರಿಸಿಕೊಡುತ್ತದೆ.

ನೀವೇನು ಮಾಡಬಹುದು?

ಜೆಟ್ ಮಾದರಿ ದುಬಾರಿ. ಕಲಿಯುವವರ ಮೊದಲ ವಿಮಾನ ಅದಲ್ಲ. ನಿಮ್ಮ ಶಾಲೆ ಕಾಲೇಜಿನಲ್ಲಿ ಎನ್‌ಸಿಸಿಯ ವಾಯುದಳ ವಿಭಾಗವಿದ್ದರೆ ಅಲ್ಲಿ ಮಾದರಿ ವಿಮಾನ ಕಟ್ಟುವುದನ್ನು ಕಲಿಸುತ್ತಾರೆ. ಇಲ್ಲದಿದ್ದರೆ ತೆಳು ರಟ್ಟಿನಿಂದ ಕೈಯಲ್ಲಿ ಎಸೆಯುವ ಒಂದು ಗ್ಲೈಡರ್ ಮಾಡಿ. ಮೂತಿಗೆ ಒಂದು ಕ್ಲಿಪ್ ಸಿಕ್ಕಿಸಿ ಎಸೆಯಿರಿ. ಕ್ಲಿಪ್ಪನ್ನು ಒಂದು ಸೆಂಟಿಮೀಟರ್ ಹಿಂದಕ್ಕೆ ಸರಿಸಿ ಮತ್ತೆ ಎಸೆಯಿರಿ. ಎಷ್ಟು ದೂರ ಹೋಯಿತೆಂಬುದನ್ನು ಬರೆದುಕೊಳ್ಳುವುದರ ಜೊತೆಗೆ, ಹೇಗೆ ಇಳಿಯಿತೆಂಬುದನ್ನೂ ಬರೆದುಕೊಳ್ಳಿ. ಮೂಗು ಮುಂದಾಗಿ ಬಿತ್ತೇ, ಬಾಲ ತಗುಲಿತೇ, ಮೆಲ್ಲನೆ ಜಾರಿ ನಿಂತಿತೇ? ಹತ್ತು ಸಲ ಎಸೆದ ಮೇಲೆ ನಿಮ್ಮ ಟಿಪ್ಪಣಿಗಳನ್ನು ಗೆಳೆಯರ ಟಿಪ್ಪಣಿಗಳೊಂದಿಗೆ ಹೋಲಿಸಿ ನೋಡಿ, ಮೆಲ್ಲನೆ ಇಳಿದಾಗ ಕ್ಲಿಪ್ ಎಲ್ಲಿತ್ತು ಎಂಬುದನ್ನು ಗುರುತಿಸಿ.